ರಕ್ತದ ದಾರಿ ಕಂಡ ವಿಲಿಯಂ ಹಾರ್ವೆ

ನಮ್ಮ ತಲೆ, ಕುತ್ತಿಗೆ, ತೋಳುಗಳಿಗೆ ಹೋದ ರಕ್ತ ಹೃದಯಕ್ಕೆ ಮರಳುವುದು ಎದೆಯೊಳಗಿನ ಒಂದು ದೊಡ್ಡ ನಾಳದಿಂದ. ಅದರ ಹೆಸರು ಮೇಲಿನ ಮಹಾ ಅಭಿಧಮನಿ. ಉದ್ದ ಸುಮಾರು 7 ಸೆಂಟಿಮೀಟರ್. ಅದರಲ್ಲಿ ರಕ್ತ ಹೃದಯದ ಕಡೆಗೇ ಹರಿಯುತ್ತದೆಂದು ನಾವು ಪಾಠದಲ್ಲಿ ಸುಲಭವಾಗಿ ಓದಿಬಿಡುತ್ತೇವೆ. ಆದರೆ ಈ ಮಾತನ್ನು ಸಿದ್ಧಪಡಿಸಲು ವಿಲಿಯಂ ಹಾರ್ವೆ ಬಹಳ ಶ್ರಮಿಸಬೇಕಾಯಿತು.

ಹಾರ್ವೆ 1578ರ ಏಪ್ರಿಲ್ 1ರಂದು ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದನು. ಕೇಂಬ್ರಿಜ್‌ನಲ್ಲಿ ಓದಿ, ಇಟಲಿಯ ಪಾದುವಾದಲ್ಲಿ 1602ರಲ್ಲಿ ವೈದ್ಯ ಪದವಿ ಪಡೆದನು. ಅಲ್ಲಿ ಅವನ ಗುರು ಫ್ಯಾಬ್ರಿಸಿಯಸ್. ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ಆ ಗುರು ಶಿಷ್ಯರಿಗೆ ತೋರಿಸುತ್ತಿದ್ದನು. ರಕ್ತ ಕೈಕಾಲುಗಳಿಗೆ ರಭಸದಿಂದ ನುಗ್ಗದಂತೆ ಅವು ತಡೆಯುತ್ತವೆಂಬುದು ಅವನ ಮತ. ಉಂಡ ಆಹಾರ ಯಕೃತ್ತಿನಲ್ಲಿ ರಕ್ತವಾಗಿ, ಅಭಿಧಮನಿಗಳಲ್ಲಿ ಹೊರಕ್ಕೆ ಹರಿದು, ಅಂಗಗಳಲ್ಲಿ ಮುಗಿದುಹೋಗುತ್ತದೆಂದು ಆಗಿನ ವೈದ್ಯರು ನಂಬಿದ್ದರು. ಪ್ರಾಚೀನ ವೈದ್ಯ ಗೇಲನ್ ಹೇಳಿದ ಈ ಮಾತಿಗೆ ಸುಮಾರು 1400 ವರ್ಷ ತುಂಬಿತ್ತು.

ಲಂಡನ್ನಿನಲ್ಲಿ ವೈದ್ಯನಾದ ಹಾರ್ವೆ ಕುತ್ತಿಗೆಯ ಅಭಿಧಮನಿಗಳನ್ನು ಪರೀಕ್ಷಿಸಿದನು. ಅಲ್ಲಿನ ಕವಾಟಗಳು ರಕ್ತ ಮೇಲೇರುವುದನ್ನು ತಡೆಯುತ್ತಿದ್ದವೇ ಹೊರತು ಕೆಳಗಿಳಿಯುವುದನ್ನಲ್ಲ. ಹಾಗಾದರೆ ಕಾಲಿನಲ್ಲಾಗಲಿ ಕುತ್ತಿಗೆಯಲ್ಲಾಗಲಿ ಕವಾಟಗಳ ಕೆಲಸ ಒಂದೇ: ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವುದು. ಜೀವಂತ ಹಾವಿನ ಹೃದಯಕ್ಕೆ ರಕ್ತ ತರುವ ಮಹಾ ಅಭಿಧಮನಿಯನ್ನು ಒತ್ತಿ ಹಿಡಿದಾಗ ಹೃದಯ ಬರಿದಾಗಿ ಬಿಳಿಚಿಕೊಂಡಿತು. ಬಿಟ್ಟೊಡನೆ ಮತ್ತೆ ತುಂಬಿತು. ಅವನು ಲೆಕ್ಕವನ್ನೂ ಹಾಕಿದನು. ಅರ್ಧ ಗಂಟೆಯಲ್ಲಿ ಹೃದಯ ಹೊರದೂಡುವ ರಕ್ತ ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚು! ಅಷ್ಟು ರಕ್ತ ಊಟದಿಂದ ಹುಟ್ಟಲಾರದು. ಇದ್ದ ರಕ್ತವೇ ಸುತ್ತಿ ಬರಬೇಕು.

1628ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವನ ಪುಸ್ತಕ ಅಚ್ಚಾಯಿತು. ಅವನಿಗೆ ತಲೆ ಕೆಟ್ಟಿದೆಯೆಂದು ಜನ ಆಡಿಕೊಂಡರು. ಬರುವ ರೋಗಿಗಳು ಕಡಿಮೆಯಾದರು. ಅವನು ದೊರೆ ಚಾರ್ಲ್ಸನ ವೈದ್ಯನೂ ಆಗಿದ್ದುದರಿಂದ, 1642ರ ಅಂತರ್ಯುದ್ಧದಲ್ಲಿ ಎದುರು ಪಕ್ಷದ ಸೈನಿಕರು ಅವನ ಬಿಡಾರವನ್ನು ದೋಚಿದರು. ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳು ಹಾಳಾದವು.

ಅಪಧಮನಿಯ ರಕ್ತ ಅಭಿಧಮನಿಗೆ ದಾಟುವ ಜಾಗ ಮಾತ್ರ ಅವನಿಗೆ ಕಾಣಲಿಲ್ಲ. ಅವನು 1657ರ ಜೂನ್ 3ರಂದು ತೀರಿಕೊಂಡನು. ನಾಲ್ಕೇ ವರ್ಷಗಳಲ್ಲಿ, 1661ರಲ್ಲಿ, ಮಾಲ್ಪಿಗಿ ಎಂಬ ಇಟಲಿಯ ವಿಜ್ಞಾನಿ ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತ ಸಣ್ಣ ನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡನು.

ಗುರುವಿನ ಮತವನ್ನು ಒಪ್ಪದಿದ್ದರೂ ಹಾರ್ವೆ ಗುರುವನ್ನು ಗೌರವದಿಂದಲೇ ನೆನೆದನು. ಗುರು ತೋರಿಸಿದ ಕವಾಟಗಳನ್ನೇ ಅವನು ಮತ್ತೊಮ್ಮೆ ನೋಡಿದ್ದು. ಪಾಠ ಕೇಳಿ ಮನೆಗೆ ಬಂದ ಮೇಲೆ ನಾವೂ ಹಾಗೆ ಮತ್ತೊಮ್ಮೆ ನೋಡುವುದನ್ನು ಕಲಿಯೋಣ.