ಹೋಮಿ ಜಹಾಂಗೀರ್ ಭಾಭಾ

ಹೋಮಿ ಜಹಾಂಗೀರ್ ಭಾಭಾ (30 ಅಕ್ಟೋಬರ್ 1909 – 24 ಜನವರಿ 1966) ಅವರು ಭಾರತದ ಭೌತವಿಜ್ಞಾನಿ. ಜನಿಸಿದ್ದು ಮುಂಬಯಿಯಲ್ಲಾದರೂ ಇವರ ಮನೆತನಕ್ಕೆ ಮೈಸೂರು ಸಂಸ್ಥಾನದೊಡನೆ ಹಳೆಯ ನಂಟಿತ್ತು. ತಾತ ಹೋರ್ಮಸ್‌ಜಿ ಭಾಭಾ ಅಲ್ಲಿನ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು.

ತಂದೆಯ ಇಚ್ಛೆಯಂತೆ 1927ರಲ್ಲಿ ಇಂಜಿನಿಯರಿಂಗ್ ಓದಲು ಕೇಂಬ್ರಿಡ್ಜ್‌ಗೆ ತೆರಳಿದ ಭಾಭಾ, ಆ ಪರೀಕ್ಷೆಯನ್ನು ಮುಗಿಸಿಯೇ ಭೌತವಿಜ್ಞಾನದತ್ತ ತಿರುಗಿದರು. ಅತಿವೇಗದ ಎಲೆಕ್ಟ್ರಾನ್ ಪರಮಾಣುವಿನ ನ್ಯೂಕ್ಲಿಯಸ್ ಬಳಿ ಬಾಗಿದಾಗ ತನ್ನ ಶಕ್ತಿಯ ಒಂದು ಪಾಲನ್ನು ಗಾಮಾ ಫೋಟಾನ್ ರೂಪದಲ್ಲಿ ಹೊರಸೂಸುತ್ತದೆ. ಆ ಫೋಟಾನ್ ಮತ್ತೊಂದು ನ್ಯೂಕ್ಲಿಯಸ್ ಬಳಿ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗುತ್ತದೆ. ಅವು ಪುನಃ ಫೋಟಾನುಗಳನ್ನು ಸೂಸುತ್ತವೆ. ವಿಶ್ವಕಿರಣಗಳ ಈ ಸುರಿಮಳೆಯನ್ನು ಭಾಭಾ ಮತ್ತು ವಾಲ್ಟರ್ ಹೈಟ್ಲರ್ 1937ರಲ್ಲಿ ಗಣಿತದಿಂದ ವಿವರಿಸಿದರು. ಬಾಗಿಸಿದ ಸ್ಫಟಿಕದ ಪರಮಾಣು ಪದರಗಳ ನಡುವೆ ಕಣಗಳನ್ನು ಹಾಯಿಸಿ ಗಾಮಾ ಕಿರಣ ಪಡೆಯುವ ಇಂದಿನ ಪ್ರಯೋಗಗಳಿಗೂ ಆಧಾರವಾಗಿರುವುದು, ವಿದ್ಯುದಾವೇಶವುಳ್ಳ ಕಣ ಬಾಗುವಾಗ ವಿಕಿರಣ ಸೂಸುತ್ತದೆ ಎಂಬ ಇದೇ ತತ್ತ್ವ.

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಮಹಾಯುದ್ಧ ಆರಂಭವಾಗಿ ಇವರು ಹಿಂದಿರುಗಲಾಗಲಿಲ್ಲ. ಸಿ. ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೀಡರ್ ಆಗಿ ಸೇರಿ ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. ಯುದ್ಧಾನಂತರ ಯುರೋಪಿಗೆ ಮರಳಬೇಕೆಂದಿದ್ದ ಭಾಭಾ ಇಲ್ಲಿಯೇ ಉಳಿಯುವ ತೀರ್ಮಾನಕ್ಕೆ ಬಂದು, 1944ರ ಮಾರ್ಚ್‌ನಲ್ಲಿ ಸಂಶೋಧನಾ ಸಂಸ್ಥೆಯೊಂದಕ್ಕಾಗಿ ಟಾಟಾ ಟ್ರಸ್ಟಿಗೆ ಪತ್ರ ಬರೆದರು. ಹೀಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನಲ್ಲೇ ಕೆಲಸ ಆರಂಭಿಸಿ, ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು. ಮುಂದೆ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳನ್ನು ಅಳೆಯುವ ಕೆಲಸವನ್ನು ಇವರ ಪ್ರೇರಣೆಯಿಂದ ಕೈಗೊಂಡವರು ಮೈಸೂರು ಜಿಲ್ಲೆಯ ನಂಜನಗೂಡಿನ ಬಿ. ವಿ. ಶ್ರೀಕಂಠನ್.

1948ರಿಂದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಭಾಭಾ, ವಿಯೆನ್ನಾಕ್ಕೆ ಹೊರಟಿದ್ದಾಗ ಮೌಂಟ್ ಬ್ಲಾಂಕ್ ಬಳಿ ಸಂಭವಿಸಿದ ವಿಮಾನ ಅಪಘಾತದಲ್ಲಿ ನಿಧನರಾದರು.