ನಿಘಂಟಿಗೂ ಮೊದಲಿನ ಕಿಟೆಲ್

ಫರ್ಡಿನೆಂಡ್ ಕಿಟೆಲ್ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ದಪ್ಪನೆಯ ಒಂದು ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ, ಸುಮಾರು 70 ಸಾವಿರ ಪದಗಳ ಆ ಕನ್ನಡ–ಇಂಗ್ಲಿಷ್ ಕೋಶದ ನೆರಳಿನಲ್ಲಿ ಅವರ ಉಳಿದ ಬದುಕೆಲ್ಲ ಮಸುಕಾಗಿದೆ. ಬೆಂಗಳೂರಿನ ಪ್ರತಿಮೆಯಾಗಲಿ, ಧಾರವಾಡದಲ್ಲಿ ಅವರ ಹೆಸರು ಹೊತ್ತ ಕಾಲೇಜಾಗಲಿ ನೆನಪಿಸುವುದು ನಿಘಂಟುಕಾರ ಕಿಟೆಲ್ ಅವರನ್ನೇ. ಆದರೆ ಅವರು ಈ ನಾಡಿಗೆ ಬಂದದ್ದು ನಿಘಂಟು ಬರೆಯುವುದಕ್ಕಲ್ಲ, ಸುವಾರ್ತೆ ಸಾರುವುದಕ್ಕೆ. ಆ ಕೆಲಸದಲ್ಲಿ ಅವರಿಗೆ ಎದುರಾದ ತೊಡಕು ಪದಗಳ ಅರ್ಥದ್ದಕ್ಕಿಂತ ಹೆಚ್ಚಾಗಿ ಹಾಡಿನದು. ಕನ್ನಡಿಗನೊಬ್ಬ ಕ್ರೈಸ್ತನಾದ ಮೇಲೆ ದೇವರನ್ನು ಯಾವ ಧಾಟಿಯಲ್ಲಿ ಸ್ತುತಿಸಬೇಕು? ಪ್ರಾಟೆಸ್ಟಂಟ್ ಸಭೆಗಳು ಇನ್ನೂ ಪೂರ್ತಿಯಾಗಿ ಬಗೆಹರಿಸಿಕೊಳ್ಳದ ಈ ಪ್ರಶ್ನೆಯ ಬಾಗಿಲಲ್ಲಿ ನಿಂತು ನೋಡಿದರೆ ಕಿಟೆಲ್ ಅವರ ಬದುಕು ಬೇರೆಯಾಗಿಯೇ ಕಾಣುತ್ತದೆ.

ಜರ್ಮನಿಯ ಉತ್ತರ ತೀರದ ಪೂರ್ವ ಫ್ರಿಸಿಯಾ ಪ್ರಾಂತದ ರೆಸ್ಟರ್‌ಹಾಫ್ ಎಂಬ ಸಣ್ಣ ಊರಿನಲ್ಲಿ 1832ರ ಏಪ್ರಿಲ್ ತಿಂಗಳಲ್ಲಿ ಅವರು ಹುಟ್ಟಿದರು. ತಂದೆ ಧರ್ಮೋಪದೇಶಕರು. ಪ್ರೌಢಶಾಲೆಯ ದಿನಗಳಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿತ ಹುಡುಗ 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ವಿದ್ಯಾಲಯಕ್ಕೆ ಸೇರಿದ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತಕ್ಕೆ ಬಂದ. ಬಾಸೆಲ್‌ನಿಂದ ಬಂದ ಮಿಷನರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. ಕುಶಲಕರ್ಮಿಗಳ, ರೈತರ ಮನೆಗಳಿಂದ ಬಂದವರು. ಉತ್ತರದ ಕಿಟೆಲ್ ಅವರಿಗೆ ಆ ಬಳಗದಲ್ಲಿ ಮೊದಲಿನಿಂದಲೂ ಅಷ್ಟಾಗಿ ಹೊಂದಿಕೆಯಾಗಲಿಲ್ಲ. ಹುಬ್ಬಳ್ಳಿ–ಧಾರವಾಡದ ಕಡೆ ಅವರು ಕಾಲ್ನಡಿಗೆಯಲ್ಲಿ ಹಳ್ಳಿ ಸುತ್ತಿದರು. ಜನರ ನಡುವೆ ಕುಳಿತು ಕನ್ನಡ ಕಲಿತರು. ಭಾರತೀಯರಿಗೆ ಭಾರತೀಯನಾಗಬೇಕೆಂಬ ಅವರ ಹಂಬಲ ಸಹೋದ್ಯೋಗಿಗಳಿಗೆ ಅತಿರೇಕವಾಗಿ ತೋರಿತು. ದೂರದ ಬಾಸೆಲ್‌ನಲ್ಲಿ ಕುಳಿತ ಸಮಿತಿಗಂತೂ ಶಿಸ್ತೇ ಮುಖ್ಯ. ಸಂಸ್ಥೆಯ ಮುಖ್ಯಸ್ಥ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಸ್ವತಃ ಭಾರತಕ್ಕೆ ಬಂದು ನಿಲಯಗಳನ್ನೆಲ್ಲ ನೋಡಿ ಹೋಗಿದ್ದರು. ಅವರ ಕಾಲದಲ್ಲಿ ನಿಯಮಗಳ ಹಿಡಿತ ಬಿಗಿಯಾಗಿಯೇ ಇತ್ತು. ಮಿಷನರಿಗಳು ಮದುವೆಯಾಗುವುದಕ್ಕೂ ಸಮಿತಿಯ ಅನುಮತಿ ಬೇಕಿತ್ತು.

ಅಂದಿನ ಮಂಗಳೂರಿನ ಸಭೆಯ ಆರಾಧನೆ ಹೇಗಿತ್ತು? ಮೊದಲ ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದು ಇಳಿದದ್ದು 1834ರಲ್ಲಿ. ಅವರು ಹೊತ್ತು ತಂದದ್ದು ಲೂಥರನ ಮತ್ತು ಸ್ವಿಸ್ ಸುಧಾರಕರ ಪರಂಪರೆಗಳೆರಡೂ ಬೆರೆತ, ಭಕ್ತಿಯ ಒಳಗಿನ ಅನುಭವಕ್ಕೆ ಒತ್ತು ಕೊಡುವ ಒಂದು ಸರಳ ಕ್ರಮವನ್ನು. ಧೂಪವಿಲ್ಲ, ವಿಗ್ರಹವಿಲ್ಲ, ಬೈಬಲ್ ಪಠಣ, ದೀರ್ಘವಾದ ಉಪದೇಶ, ನಡುನಡುವೆ ಇಡೀ ಸಭೆ ಒಟ್ಟಾಗಿ ಹಾಡುವ ಸ್ತುತಿಗೀತೆ. ಜರ್ಮನರು ಈ ಗೀತೆಗಳನ್ನು ಕೊರಾಲ್ ಎನ್ನುತ್ತಾರೆ. ಹೆರ್ಮನ್ ಮೋಗ್ಲಿಂಗ್, ಗಾಟ್‌ಫ್ರೀಡ್ ವೈಗ್ಲೆ ಅವರ ಕಾಲದಿಂದ ಇವುಗಳ ಸಾಹಿತ್ಯ ಕನ್ನಡವಾಯಿತು. ಧಾಟಿ ಮಾತ್ರ ಜರ್ಮನಿಯದೇ ಉಳಿಯಿತು.

ಇದರಲ್ಲಿ ಒಂದು ತಾಂತ್ರಿಕ ಎಡವಟ್ಟಿತ್ತು. ಕೊರಾಲ್ ನಿಧಾನವಾಗಿ ಸಾಗುತ್ತದೆ. ಬಹುಮಟ್ಟಿಗೆ ಅಕ್ಷರಕ್ಕೊಂದು ಸ್ವರ, ಸ್ವರಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ. ಕನ್ನಡವಾದರೋ ಗುರು–ಲಘುಗಳ ಮೇಲೆ ನಿಂತ ಭಾಷೆ. ಹ್ರಸ್ವವನ್ನು ಎಳೆದರೆ ಅರ್ಥವೇ ಕೆಡುತ್ತದೆ: ದೇವರಲ್ಲಿ ಬೇಡಿದ ‘ಬಲ’ ಹಾಡುವಾಗ ‘ಬಾಲ’ವಾದೀತು. ಜರ್ಮನ್ ಪದ್ಯದ ಪ್ರಾಸ ಸಾಲಿನ ಕೊನೆಗೆ ಬೀಳುತ್ತದೆ; ಕನ್ನಡ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕುಳಿತಿರುತ್ತದೆ. ಹೀಗಾಗಿ ಅನುವಾದಿತ ಗೀತೆಗಳು ಓದುವುದಕ್ಕೆ ಕನ್ನಡ, ಕೇಳುವುದಕ್ಕೆ ಬೇರೇನೋ ಆಗಿದ್ದವು. ವಿಚಿತ್ರವೆಂದರೆ ದಾಸರ ಪದಗಳು, ಬಸವಪುರಾಣ, ಜೈಮಿನಿ ಭಾರತ ಮೊದಲಾದವನ್ನು ಅಚ್ಚಿಗೆ ತಂದವರೂ ಇದೇ ಮಿಷನ್ನಿನ ಮೋಗ್ಲಿಂಗ್. ಕನ್ನಡದ ಹಾಡುಗಬ್ಬದ ಸಂಪತ್ತು ಅವರ ಕಣ್ಣೆದುರಿಗೇ ಇತ್ತು. ಆದರೂ ಭಾನುವಾರ ಬೆಳಿಗ್ಗೆ ದೇವಾಲಯದೊಳಗೆ ಕೇಳಿಬರುತ್ತಿದ್ದುದು ವುರ್ಟೆಂಬರ್ಗಿನ ಧಾಟಿ.

1862ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಅವರ ‘ಕಥಾಮಾಲೆ’ಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದು ಯೇಸುವಿನ ಜೀವನದ ಕಥನ. ಅನುವಾದವಲ್ಲ, ಈ ನೆಲದ ಛಂದೋಬಂಧಗಳಲ್ಲಿ, ಹಾಡುವುದಕ್ಕೆಂದೇ ಹೊಸೆದ ಕನ್ನಡ ಕಾವ್ಯ. ಕನ್ನಡ ಕಲಿಯತೊಡಗಿ ಇನ್ನೂ ಹತ್ತು ವರ್ಷ ತುಂಬದ, ಮೂವತ್ತರ ಹರೆಯದ ಒಬ್ಬ ಜರ್ಮನ್ ಇಂಥ ಕೃತಿಗೆ ಕೈಹಾಕಿದ್ದು ಸಾಹಸವೇ ಸರಿ. ಕಾವ್ಯವಾಗಿ ಅದಕ್ಕೆ ಎಷ್ಟು ಬೆಲೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ದೇವರ ಸ್ತುತಿಯೆಂದರೆ ದೇವರ ಕಥೆಯನ್ನು ಹಾಡುವುದು ಎಂಬ ಕನ್ನಡದ ಹಳೆಯ ತಿಳಿವಳಿಕೆಯನ್ನು ಅವರು ಸರಿಯಾಗಿಯೇ ಹಿಡಿದಿದ್ದರು.

ಈ ತಿಳಿವಳಿಕೆಯ ಜೀವಂತ ರೂಪ ಬೇಕೆನ್ನುವವರು ಕಿಟೆಲ್ ಅವರ ಕಾರ್ಯಕ್ಷೇತ್ರದಿಂದ ಬಹುದೂರದ, ನಾಡಿನ ದಕ್ಷಿಣದ ಅಂಚಿನ ಬಂಡಳ್ಳಿ, ಹನೂರು, ಕೊಳ್ಳೇಗಾಲದ ಸೀಮೆಗೆ ಹೋಗಬೇಕು. ಮಾದೇಶ್ವರನ ಗುಡ್ಡರು ಕಂಸಾಳೆ ಹಿಡಿದು, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ನೀಲಗಾರರು ತಂಬೂರಿ ಮೀಟಿ ರಾತ್ರಿಯಿಡೀ ಹಾಡುವುದು ಪ್ರಾರ್ಥನೆಯೂ ಹೌದು, ಕಥೆಯೂ ಹೌದು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ಈ ಸೀಮೆಯ ಇನ್ನೊಂದು ಸಂಗತಿಯೂ ನಮ್ಮ ವಿಷಯಕ್ಕೆ ಪ್ರಸ್ತುತ. ಟಿಪ್ಪುವಿನ ಪತನಾನಂತರ ಬ್ರಿಟಿಷರ ಕೈಸೇರಿದ ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೀಗೆ ಮೈಸೂರಿಗೂ ತಮಿಳುನಾಡಿಗೂ ನಡುವೆ ಇದ್ದ ಕನ್ನಡ ನೆಲದ ಒಂದು ಮಗ್ಗುಲಿಗೆ ತಮಿಳು ಕ್ರೈಸ್ತರ ಬೇರೆಯದೇ ಆದ ಅನುಭವವಿತ್ತು. ತಂಜಾವೂರಿನ ವೇದನಾಯಕಂ ಶಾಸ್ತ್ರಿಯಾರ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಕರ್ನಾಟಕ ಸಂಗೀತದ ರಾಗಗಳಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿ ಹಾಡಿದ್ದರು. ಅವರ ಕಾಲದಿಂದ ತಮಿಳು ಸಭೆಗಳಲ್ಲಿ ಪಶ್ಚಿಮದ ಧಾಟಿಯ ‘ಪಾಮಾಲೈ’ ಮತ್ತು ದೇಶೀ ರಾಗದ ‘ಕೀರ್ತನೈ’ ಎಂಬ ಎರಡು ಧಾರೆಗಳು ಅಕ್ಕಪಕ್ಕದಲ್ಲಿ ಹರಿದುಬಂದಿವೆ. ಅಲ್ಲಿ ಅದನ್ನು ಮಾಡಿದ್ದು ಆ ಮಣ್ಣಿನಲ್ಲೇ ಹುಟ್ಟಿದ ಕವಿ. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರೂ ಹಾಗೆಯೇ. ಕನ್ನಡದಲ್ಲಿ ಆ ಹೊರೆಯನ್ನು ಹೊರಗಿನವರೊಬ್ಬರು ಹೊರಬೇಕಾಯಿತು. ಕಿಟೆಲ್ ಅವರ ಪ್ರಯತ್ನ ಒಂಟಿಯಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

‘ಕಥಾಮಾಲೆ’ ಭಾನುವಾರದ ಆರಾಧನೆಯಲ್ಲಿ ಕೊರಾಲ್‌ನ ಜಾಗವನ್ನು ಪಡೆಯಲಿಲ್ಲ. ಇದಕ್ಕೆ ಮಿಷನರಿಗಳ ಮೊಂಡುತನವೊಂದನ್ನೇ ದೂರಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಹಳ ಮಂದಿ ಭೂತಾರಾಧನೆಯ ಹಿನ್ನೆಲೆಯಿಂದ ಬಂದವರು. ಜಾತಿ, ಮನೆ, ಬಂಧುಗಳನ್ನು ಕಳೆದುಕೊಂಡು ಮಿಷನ್ ಆವರಣದಲ್ಲಿ ಹೊಸ ಬದುಕು ಕಟ್ಟಿದವರು. ನೇಯ್ಗೆ ಕಾರ್ಖಾನೆ, ಮುದ್ರಣಾಲಯ, 1865ರ ಅನಂತರ ಹೆಂಚಿನ ಕಾರ್ಖಾನೆ ಅವರಿಗೆ ಅನ್ನ ಕೊಟ್ಟವು. ಹಳೆಯ ಧಾಟಿ ಕಿವಿಗೆ ಬಿದ್ದರೆ ಹಳೆಯ ದೈವವೂ ಬಾಗಿಲಿಗೆ ಬಂದೀತೆಂಬ ಅಳುಕು ಅಂಥವರಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಪರದೇಶದ ಆ ಗಂಭೀರ ಧಾಟಿ ಅವರಿಗೆ ಬಿಡುಗಡೆಯ ಗುರುತೂ ಆಗಿದ್ದಿರಬೇಕು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಅದೇ ಅವರ ಪರಂಪರೆಯಾಯಿತು. ಅಜ್ಜಿ ಹಾಡಿದ ಹಾಡು ಯಾರಿಗೂ ಪರಕೀಯವಲ್ಲ.

ಹಾಗೆಂದು ಕಿಟೆಲ್ ಅವರನ್ನು ಸರ್ವಧರ್ಮ ಸಮನ್ವಯಕಾರರೆಂದು ಇಂದಿನ ಅಳತೆಯಲ್ಲಿ ಹೊಗಳುವುದೂ ಸಲ್ಲದು. ಮತಪ್ರಚಾರದ ಗುರಿಯನ್ನು ಅವರು ಎಂದೂ ಬಿಡಲಿಲ್ಲ. ವೇದಕಾಲದ ಯಜ್ಞದ ಬಗ್ಗೆ 1872ರಲ್ಲಿ, ಲಿಂಗಪೂಜೆಯ ಉಗಮದ ಬಗ್ಗೆ 1876ರಲ್ಲಿ ಅವರು ಬರೆದ ಪುಸ್ತಕಗಳ ಹಿಂದೆ ಇದ್ದದ್ದು ಆ ಗುರಿಯೇ. ಇಲ್ಲಿನ ನಂಬಿಕೆಯನ್ನು ಒಪ್ಪದೆ ಇಲ್ಲಿನ ಛಂದಸ್ಸನ್ನು ಮಾತ್ರ ಒಪ್ಪಬಹುದೇ ಎಂಬ ಪ್ರಶ್ನೆ ಅವರ ಬದುಕಿನಲ್ಲಿ ಬಗೆಹರಿಯದೆ ಉಳಿಯಿತು. ಮತಾಂತರದ ಲೆಕ್ಕ ಹಿಡಿದರೆ ಮಿಷನರಿಯಾಗಿ ಅವರದು ಸೋಲಿನ ಕಥೆ. ಮನೆಯಲ್ಲೂ ನೆಮ್ಮದಿ ಇರಲಿಲ್ಲ: 1860ರಲ್ಲಿ ಕೈಹಿಡಿದ ಪಾಲಿನ್ ಐಟ್ 1864ರಲ್ಲೇ ತೀರಿಕೊಂಡರು, 1867ರಲ್ಲಿ ಆಕೆಯ ಸಹೋದರಿ ಜೂಲಿಯನ್ನು ಕಿಟೆಲ್ ಮದುವೆಯಾದರು.

ಕಥಾಮಾಲೆಯ ಬಳಿಕ ಅವರ ದುಡಿಮೆ ಹೊರಳಿದ ದಿಕ್ಕನ್ನು ಗಮನಿಸಿ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’. ಹತ್ತನೆಯ ಶತಮಾನದ ಆ ಛಂದಶ್ಶಾಸ್ತ್ರ ಸಂಸ್ಕೃತದ ವೃತ್ತಗಳ ಜೊತೆಗೆ ತ್ರಿಪದಿ, ಏಳೆ, ಅಕ್ಕರ, ಷಟ್ಪದಿಗಳಂಥ ಅಚ್ಚಗನ್ನಡದ ಜಾತಿಗಳನ್ನೂ ವಿವರಿಸುತ್ತದೆ. ಕಿಟೆಲ್ ಅದನ್ನು ಸಂಪಾದಿಸಿದ್ದಲ್ಲದೆ ಕನ್ನಡ ಸಾಹಿತ್ಯ ಚರಿತ್ರೆಯನ್ನು ಕುರಿತ ದೀರ್ಘ ಪ್ರಬಂಧವನ್ನೂ ಜೊತೆಗಿಟ್ಟರು. ವಿದ್ವಾಂಸರು ಇದನ್ನು ಶುದ್ಧ ಪಾಂಡಿತ್ಯದ ಕೆಲಸವೆಂದು ಓದುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಸಭೆಯಲ್ಲಿ ಕನ್ನಡ ಯಾವ ಗತಿಯಲ್ಲಿ ಹಾಡಬೇಕೆಂಬ ಪ್ರಶ್ನೆಯನ್ನು ಹೊತ್ತಿದ್ದವರು, ಕನ್ನಡದ ಗತಿಯೇ ಏನೆಂಬುದರ ಬೇರಿಗೆ ಇಳಿದದ್ದು ಇದು. ಛಂದಸ್ಸಿನಿಂದ ವ್ಯಾಕರಣಕ್ಕೆ, ವ್ಯಾಕರಣದಿಂದ ಪದಕ್ಕೆ ಸಾಗಿದ ಆ ದಾರಿಯ ಕೊನೆಗೆ ನಿಘಂಟು ಇದೆ.

ಪ್ರಶ್ನೆಯಾದರೋ ಅವರ ಕಾಲಕ್ಕೆ ಮುಗಿಯಲಿಲ್ಲ. ಕನ್ನಡನಾಡಿನ ಪ್ರಾಟೆಸ್ಟಂಟರು ಎಂದೂ ಒಂದೇ ಬಗೆಯಾಗಿ ಆರಾಧಿಸಿದವರಲ್ಲ. ಬಳ್ಳಾರಿ, ಬೆಂಗಳೂರುಗಳ ಲಂಡನ್ ಮಿಷನ್ ಸಭೆಗಳಲ್ಲಿ ಬರೆದಿಟ್ಟ ಪ್ರಾರ್ಥನೆಗಿಂತ ಮನಬಂದಂತೆ ಮಾಡುವ ಪ್ರಾರ್ಥನೆಗೆ ಬೆಲೆ. ಮೈಸೂರು, ತುಮಕೂರು, ಗುಬ್ಬಿಯ ಕಡೆಯ ವೆಸ್ಲಿಯನ್ ಮೆಥಡಿಸ್ಟರಿಗೆ ವೆಸ್ಲಿ ಸೋದರರ ಹಾಡುಗಳೇ ಉಸಿರು. ದಂಡು ಪ್ರದೇಶದ ಆಂಗ್ಲಿಕನ್ನರಿಗೆ ಪ್ರಾರ್ಥನಾ ಪುಸ್ತಕ, ನಿಲುವಂಗಿ, ಬಿಷಪ್ ಇಲ್ಲದೆ ಆಗದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ಈ ಪರಂಪರೆಗಳೆಲ್ಲ ಒಂದೇ ಸೂರಿನಡಿ ಬಂದವು. ಬಾಸೆಲ್ ಪರಂಪರೆಯ ಕನ್ನಡ ಸಭೆಗಳು ಸ್ವಲ್ಪ ತಡವಾಗಿ ಸೇರಿಕೊಂಡವು. ಹೊಸ ಸಭೆ 1950ರಲ್ಲಿ ಪ್ರಭುಭೋಜನದ ಕ್ರಮವನ್ನು, 1963ರಲ್ಲಿ ಸಾಮಾನ್ಯ ಆರಾಧನೆಯ ಪುಸ್ತಕವನ್ನು ಹೊರತಂದಿತು. ಭಕ್ತರು ಕೈಯಿಂದ ಕೈಗೆ ಶಾಂತಿಯನ್ನು ದಾಟಿಸುವ ಪದ್ಧತಿಯನ್ನು ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡದ್ದು ಅದರ ಒಂದು ಚೆಲುವಾದ ಅಂಶ. ಈಗ ಒಂದೇ ಧರ್ಮಪ್ರಾಂತದೊಳಗೆ ಬಾಸೆಲ್ ಮೂಲದ ಮಂಗಳೂರಿನ ಸಭೆಗಳೂ ಮೆಥಡಿಸ್ಟ್ ಮೂಲದ ಮೈಸೂರಿನ ಸಭೆಗಳೂ ಇವೆ. ಪುಸ್ತಕ ಒಂದಾಗಿದೆ, ಹಾಡು ಒಂದಾಗಿಲ್ಲ. ಪಿಯಾನೊ, ಆರ್ಗನ್ ಬೇಕೆನ್ನುವ ಹಿರಿಯರು, ಭಜನೆಯ ಧಾಟಿಗೆ ತಬಲಾ ಹಾರ್ಮೋನಿಯಂ ಸಾಕೆನ್ನುವವರು, ಗಿಟಾರ್ ಹಿಡಿದು ಚಪ್ಪಾಳೆಯೊಡನೆ ಹಾಡುವ ಯುವಕರು ಒಂದೇ ಸಭೆಯೊಳಗೆ ವಾದಿಸುವುದುಂಟು. ಪೆಂತೆಕೋಸ್ತ್ ಸಭೆಗಳ ಪ್ರಭಾವ ಹಬ್ಬಿದ ಮೇಲೆ ವಾದದ ದನಿ ಇನ್ನಷ್ಟು ಏರಿದೆ. ತಮಾಷೆಯೆಂದರೆ ಈ ವಾದದಲ್ಲಿ ಜರ್ಮನ್ ಧಾಟಿಯೇ ಈಗ ನಮ್ಮ ಹಳೆಯ ಸಂಪ್ರದಾಯವೆನಿಸಿಕೊಂಡಿದೆ.

ಇತ್ತ ಕಿಟೆಲ್ ಅವರ ಕೊನೆಯ ಮೂರು ದಶಕಗಳನ್ನು ಪದಗಳು ನುಂಗಿದವು. ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಇದ್ದಾಗ ಪಂಡಿತರ ನೆರವಿನಿಂದ ಅವರು ಪದ ಕೂಡಿಹಾಕಿದರು. ಹಳಗನ್ನಡದ ಓಲೆಗರಿಯಿಂದ, ಗಾದೆಯಿಂದ, ಸಂತೆಯ ಮಾತಿನಿಂದ. 1877ರಲ್ಲಿ ಜರ್ಮನಿಗೆ ಮರಳಿದವರು ನಿಘಂಟಿಗಾಗಿಯೇ 1883ರಲ್ಲಿ ಮತ್ತೆ ಬಂದರು. ಕಣ್ಣು ಮಂಜಾಗುತ್ತ ಬಂದಿತ್ತು. 1892ರಲ್ಲಿ ಅವರು ಕೊನೆಯ ಬಾರಿಗೆ ಈ ನೆಲವನ್ನು ಬಿಟ್ಟರು. ಎರಡು ವರ್ಷಗಳ ಬಳಿಕ 1,752 ಪುಟಗಳ ನಿಘಂಟು ಬೆಳಕು ಕಂಡಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆ ಊರಿನಲ್ಲೇ ಕುಳಿತು, ಕನ್ನಡ ಕಿವಿಗೆ ಬೀಳದ ಮನೆಯಲ್ಲಿ, ಅವರು ಕನ್ನಡದ ವ್ಯಾಕರಣವೊಂದನ್ನು ಬರೆದು ಮುಗಿಸಿದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ನೋಡುವ ಆ ಪುಸ್ತಕ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್‌ಮಸ್ಸಿಗೆ ಕೆಲವು ದಿನಗಳ ಮುಂಚೆ, ಟ್ಯೂಬಿಂಗನ್‌ನಲ್ಲಿ ಕಿಟೆಲ್ ಕೊನೆಯುಸಿರೆಳೆದರು.