ಶಾಂತಿಗೆ ಕಾನೂನಿನ ಆಸರೆ: ವುಲ್ವರ್‌ಹ್ಯಾಂಪ್ಟನ್ನಿನ ಜೆಫ್ರಿ ಮ್ಯಾಂಡರ್

ಊರಿನಿಂದ ಬಂದ ಬಂಧುಗಳನ್ನು ನಾನು ತಪ್ಪದೆ ವಿಟಿಕ್ ಮ್ಯಾನರ್‌ಗೆ ಕರೆದೊಯ್ಯುತ್ತೇನೆ. ಬಣ್ಣ, ವಾರ್ನಿಷ್ ತಯಾರಿಸುತ್ತಿದ್ದ ಮನೆತನದ ಸರ್ ಜೆಫ್ರಿ ಮ್ಯಾಂಡರ್ (1882–1962) 1937ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ದಾನವಿತ್ತ ಮನೆಯದು. ಕಾರ್ಮಿಕರಿಗೆ 1931ರಲ್ಲೇ ವಾರಕ್ಕೆ 40 ಗಂಟೆಗಳ ದುಡಿಮೆಯನ್ನು ಒಪ್ಪಿದ್ದ ಸಂಸ್ಥೆ ಅವರದು.

ಅವರು ಲಿಬರಲ್ ಸದಸ್ಯರಾಗಿ ಪಾರ್ಲಿಮೆಂಟನ್ನು ಪ್ರವೇಶಿಸಿದ್ದು 1929ರಲ್ಲಿ. ಅದೇ ಆಗಸ್ಟ್‌ನಲ್ಲಿ, ರಾಷ್ಟ್ರಸಂಘದ ಪರವಾಗಿ ಬ್ರಿಟನ್ ಆಳುತ್ತಿದ್ದ ಪ್ಯಾಲೆಸ್ಟೀನಿನಲ್ಲಿ ಯಹೂದಿಗಳ, ಅರಬರ ರಕ್ತ ಹರಿಯಿತು. ಮ್ಯಾಂಡರ್ ನೆಚ್ಚಿದ್ದು ಆ ರಾಷ್ಟ್ರಸಂಘವನ್ನೇ. ಬಲಿಷ್ಠನೂ ಕಾನೂನಿಗೆ ತಲೆಬಾಗಿದಲ್ಲದೆ ಶಾಂತಿಯಿಲ್ಲವೆಂಬುದು ಅವರ ನಿಲುವು. ಪರರ ನೆಲವನ್ನು ಆಕ್ರಮಣಕಾರನಿಗೆ ಒಪ್ಪಿಸಿದ 1938ರ ಮ್ಯೂನಿಕ್ ಒಪ್ಪಂದವನ್ನು ವಿರೋಧಿಸಿದರು. 1945ರಲ್ಲಿ ಸ್ಥಾನ ಕಳೆದುಕೊಂಡರು. 1948ರಲ್ಲಿ ಬ್ರಿಟನ್ ಇತ್ಯರ್ಥವಿಲ್ಲದೆಯೇ ಪ್ಯಾಲೆಸ್ಟೀನನ್ನು ತೊರೆಯಿತು, ಯುದ್ಧ ಹಿಂಬಾಲಿಸಿತು.

ಇಲ್ಲಿಗೆ ಬರಲಿರುವ ಕಿರಿಯರೇ, ಆ ಕದನದ ಮಾತು ನಿಮ್ಮ ಕೆಲಸದ ಸ್ಥಳದಲ್ಲೂ ಎದ್ದೀತು. ಪಕ್ಷ ಹಿಡಿಯುವ ಮುನ್ನ, ನಾವು ಕೇಳುವ ನ್ಯಾಯ ಇಬ್ಬರಿಗೂ ಒಂದೆಯೇ ಎಂದು ಅಳೆದು ನೋಡಿರಿ.